ಡಬ್ಬಿಯ ಮೇಲೆ ಹೆಸರಿಲ್ಲದ ಅರಸ: ಬ್ರಿಟನ್ನಿನ ಫಿಲ್ಮ್ ಸಂಗ್ರಹಾಲಯಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಬ್ರಿಟನ್ನಿನ ರಾಷ್ಟ್ರೀಯ ಹಾಗೂ ಪ್ರಾದೇಶಿಕ ಫಿಲ್ಮ್ ಸಂಗ್ರಹಾಲಯಗಳ ಮುಖ್ಯಸ್ಥರು,
ಮತ್ತು ಹಳೆಯ ಸುರುಳಿಗಳನ್ನು ಅಟ್ಟದ ಮೇಲಿಟ್ಟುಕೊಂಡಿರುವ ಎಲ್ಲ ಮನೆಗಳವರು.

ಮಾನ್ಯರೇ,

ಹಳೆಯ ಫಿಲ್ಮ್ ಸುರುಳಿಗಳ ಧೂಳು ಒರೆಸಿ, ಹರಿದ ಕಡೆ ಅಂಟಿಸಿ, ಸ್ಕ್ಯಾನರಿಗೆ ಏರಿಸುವುದು ನನ್ನ ವೃತ್ತಿ. ಲಂಡನ್ನಿಗೆ ಬಂದು ನೆಲೆಸಿ ಹದಿನಾರು ವರ್ಷವಾಯಿತು. ಮದುವೆ, ಮಗುವಿನ ಮೊದಲ ಹೆಜ್ಜೆ, ಸಮುದ್ರತೀರದ ರಜೆ, ಸತ್ತುಹೋದ ನಾಯಿ, ಇಂಥವುಗಳನ್ನೇ ದಿನವೂ ನೋಡುವ ನನ್ನ ಮೇಜಿಗೆ ಕಳೆದ ಚಳಿಗಾಲದಲ್ಲಿ ಒಂದು ಮನೆಯವರು ತಮ್ಮ ಅಜ್ಜನ ಪೆಟ್ಟಿಗೆಯಿಂದ ತೆಗೆದ ಹನ್ನೊಂದು ಡಬ್ಬಿಗಳನ್ನು ತಂದಿಟ್ಟರು. ಹತ್ತು ಡಬ್ಬಿಗಳ ಮೇಲೆ ಊರು, ತಿಂಗಳು, ವರ್ಷ, ಮಕ್ಕಳ ಹೆಸರು, ಕೊನೆಗೆ ನಾಯಿಯ ಹೆಸರೂ ಅಚ್ಚುಕಟ್ಟಾಗಿ ಬರೆದಿತ್ತು. ಹನ್ನೊಂದನೆಯದರ ಮೇಲೆ ಸೀಸದ ಕಡ್ಡಿಯಲ್ಲಿ ಇದ್ದದ್ದು ಎರಡೇ ಮಾತು: ‘ಆಫ್ರಿಕನ್ ಚೀಫ್’. ಆ ಮನೆಯವರ ಒಪ್ಪಿಗೆಯಿಂದ ಸುರುಳಿಯನ್ನು ಒಂದು ಸಂಗ್ರಹಾಲಯಕ್ಕೆ ಒಪ್ಪಿಸಿದೆವು. ಎರಡು ತಿಂಗಳ ಬಳಿಕ ದಾಖಲೆಯ ಪ್ರತಿ ಕೈಗೆ ಬಂದಾಗ ಅದರಲ್ಲಿಯೂ ಇದ್ದದ್ದು ಅವೇ ಎರಡು ಮಾತು. ಹೆಸರಿನ ಕಾಲಂನಲ್ಲಿ ಗೆರೆ ಎಳೆದಿದ್ದರು. ಸ್ಥಳದ ಕಾಲಂನಲ್ಲಿ ಬರೀ ‘ಆಫ್ರಿಕಾ’ ಎಂದಿತ್ತು. ಚಿತ್ರ ತೆಗೆದದ್ದು ಇಂಗ್ಲೆಂಡಿನ ಒಂದು ಪುರಭವನದ ಮುಂದೆ ಎಂಬುದನ್ನು ಕೂಡ ಯಾರೂ ನೋಡಿರಲಿಲ್ಲ.

ಆ ಗೆರೆಯ ಬಗ್ಗೆಯೇ ನಾನು ಈ ಪತ್ರ ಬರೆಯುತ್ತಿದ್ದೇನೆ. ಇದನ್ನೇ ಇಂಗ್ಲಿಷಿನಲ್ಲಿಯೂ ತಮಗೆ ಕಳುಹಿಸಿದ್ದೇನೆ. ಕನ್ನಡದಲ್ಲಿ ಎಲ್ಲರೆದುರು ಬರೆಯುವುದಕ್ಕೆ ಬೇರೆ ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಸುರುಳಿಯಲ್ಲಿ ಏನಿದೆ ಎಂಬುದನ್ನು, ತಮ್ಮ ದಾಖಲೆ ಹೇಳದೆ ಬಿಟ್ಟದ್ದನ್ನು, ಹೇಳಬೇಕು. 16 ಮಿಲಿಮೀಟರಿನ ಫಿಲ್ಮು, ನೂರು ಅಡಿ ಉದ್ದ, ಕೊಡಾಕ್ರೋಮ್ ಬಣ್ಣ. ಕೀಲಿ ಕೊಟ್ಟು ನಡೆಸುವ ಕ್ಯಾಮೆರಾ ಆದ್ದರಿಂದ ಯಾವ ದೃಶ್ಯವೂ ಅರ್ಧ ನಿಮಿಷ ದಾಟುವುದಿಲ್ಲ. ಮೋಡ ಕವಿದ ದಿನ, ನೆನೆದ ಕಲ್ಲಿನ ಮೆಟ್ಟಿಲು, ಬೂದುಬಣ್ಣದ ಕೋಟು ತೊಟ್ಟ ಜನ. ಕಪ್ಪು ಕಾರು ಬಂದು ನಿಲ್ಲುತ್ತದೆ. ಮೊದಲು ಇಳಿಯುವವನು ಪರಿಚಾರಕ. ಅವನು ದೊಡ್ಡ ಛತ್ರಿಯನ್ನು ಬಿಚ್ಚಿ ಕಾರಿನ ಬಾಗಿಲ ಮೇಲೆ ಹಿಡಿಯುತ್ತಾನೆ. ಮಳೆ ಆಗಲೇ ನಿಂತಿದೆ, ಹಾಗಾಗಿ ಅದು ಮಳೆಯ ಛತ್ರಿಯಲ್ಲ. ಆಮೇಲೆ ಅರಸರು ಇಳಿಯುತ್ತಾರೆ. ಅಷ್ಟು ಹೊತ್ತೂ ಬೂದುಬಣ್ಣವಾಗಿದ್ದ ಚೌಕಟ್ಟಿನ ತುಂಬ ಒಮ್ಮೆಲೇ ಕಡುಗೆಂಪು ಹರಡಿಕೊಳ್ಳುತ್ತದೆ. ತಲೆಯ ಮೇಲೆ ಮಣಿಗಳನ್ನು ಪೋಣಿಸಿ ಕಟ್ಟಿದ ಎತ್ತರದ ಕಿರೀಟ. ಅದರ ಅಂಚಿನಿಂದ ಮಣಿಸರಗಳು ಇಳಿಬಿದ್ದು ಮುಖವನ್ನು ಅರ್ಧ ಮರೆಮಾಡಿವೆ. ಕೈಯಲ್ಲಿ ಬಿಳಿಯ ಚಾಮರ. ಅವರು ಕೂಡಲೇ ನಡೆಯುವುದಿಲ್ಲ, ನಿಲ್ಲುತ್ತಾರೆ. ಪರಿಚಾರಕನು ಜಾರಿದ ಅಗಲ ತೋಳನ್ನು ಎತ್ತಿ ಹೆಗಲ ಮೇಲೆ ಮಡಿಸಿ ಕೂರಿಸುವವರೆಗೆ ನಿಂತೇ ಇರುತ್ತಾರೆ. ಕೊರಳಲ್ಲಿ ಅಧಿಕಾರದ ಸರಪಳಿ ಹಾಕಿಕೊಂಡ ಮೇಯರ್ ಕೈ ಚಾಚುತ್ತಾರೆ. ಅರಸರು ಮೊದಲು ಚಾಮರವನ್ನು ಮೆಲ್ಲಗೆ ಎತ್ತಿ ಇಳಿಸಿ, ಅನಂತರ ಕೈ ಕೊಡುತ್ತಾರೆ.

ಎರಡನೆಯ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೆಟ್ಟಿಲ ಬಲಕ್ಕೆ ಓವರ್‌ಕೋಟು ತೊಟ್ಟ ಏಳೆಂಟು ಆಫ್ರಿಕನ್ ಯುವಕರು, ನೋಡಿದರೆ ವಿದ್ಯಾರ್ಥಿಗಳೆಂದು ತೋರುತ್ತದೆ. ಅವರಲ್ಲೊಬ್ಬನು ಒಳ್ಳೆಯ ಸೂಟು ತೊಟ್ಟವನು. ಅರಸರು ಹತ್ತಿರ ಬರುತ್ತಿದ್ದಂತೆ ಅವನು ಆ ಒದ್ದೆ ಕಲ್ಲಿನ ಮೇಲೆ ಉದ್ದಕ್ಕೆ ಮಲಗಿ ಸಾಷ್ಟಾಂಗವೆರಗುತ್ತಾನೆ. ಪಕ್ಕದಲ್ಲಿದ್ದ ಪೊಲೀಸ್ ಪೇದೆ ಅವನು ಜಾರಿ ಬಿದ್ದನೆಂದು ತಿಳಿದು ಹಿಡಿದೆತ್ತಲು ಒಂದು ಹೆಜ್ಜೆ ಮುಂದಿಟ್ಟು, ಏನೋ ಹೊಳೆದವನಂತೆ ಆ ಹೆಜ್ಜೆಯನ್ನು ಹಿಂದೆಗೆಯುತ್ತಾನೆ. ಇದೆಲ್ಲ ಮೂರು ಸೆಕೆಂಡಿನೊಳಗೆ ನಡೆದುಹೋಗುತ್ತದೆ. ಯಾವ ವಾರ್ತಾಚಿತ್ರದ ಸಂಪಾದಕನೂ ಉಳಿಸಿಕೊಳ್ಳದೆ ಕತ್ತರಿಸಿ ಎಸೆಯುತ್ತಿದ್ದ ಮೂರು ಸೆಕೆಂಡು ಅದು. ತೋಟದಲ್ಲಿ ಚಹಾಕೂಟದ ದೃಶ್ಯವೂ ಇದೆ. ಎಲ್ಲರ ತಟ್ಟೆಗಳು ಖಾಲಿಯಾಗುತ್ತಿವೆ, ಅರಸರ ತಟ್ಟೆ ಮಾತ್ರ ಇಟ್ಟದ್ದು ಇಟ್ಟಂತೆಯೇ ಇದೆ. ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನಾಂಗದ ಅರಸನು ಜನರ ಕಣ್ಣೆದುರು ಉಣ್ಣಬಾರದೆಂಬ ಸಂಪ್ರದಾಯವನ್ನು ತಿಳಿದವರು ಆ ಮೇಜಿನ ಸುತ್ತ ಕುಳಿತವರಲ್ಲಿ ಬಹುಶಃ ಯಾರೂ ಇರಲಿಲ್ಲ. ಅಂಚಿನಲ್ಲಿ ನಿಂತ ಒಬ್ಬ ಹುಡುಗಿ ರೆಪ್ಪೆ ಬಡಿಯದೆ ಕಿರೀಟವನ್ನೇ ನೋಡುತ್ತಾಳೆ. ಆಮೇಲೆ ಬೆಳಕು ಒಳನುಗ್ಗಿ ಚಿತ್ರ ಕಿತ್ತಳೆಬಣ್ಣವಾಗಿ ಕರಗಿಹೋಗುತ್ತದೆ. ಸುರುಳಿ ಅಲ್ಲಿಗೆ ಮುಗಿಯಿತು.

ಇದನ್ನು ಮೊದಲ ಬಾರಿಗೆ ಹತ್ತು ಜನರೆದುರು ಪರದೆಯ ಮೇಲೆ ಹಾಕಿದಾಗ ಎಲ್ಲರೂ ನಕ್ಕರು. ಅವರು ಕೆಟ್ಟವರೇನಲ್ಲ. ತಪ್ಪು ಯಂತ್ರದ್ದು, ಯಂತ್ರವನ್ನು ಹಾಗೆಯೇ ಬಿಟ್ಟವರದ್ದು. ಧ್ವನಿಯಿಲ್ಲದ ಇಂಥ ಮನೆಯ ಫಿಲ್ಮುಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 16 ಚೌಕಟ್ಟುಗಳ ವೇಗದಲ್ಲಿ ತೆಗೆಯುತ್ತಿದ್ದರು. ಧ್ವನಿಚಿತ್ರದ ವೇಗ 24. 16 ಮಿಲಿಮೀಟರಿನಲ್ಲಿ ಒಂದಡಿಗೆ 40 ಚೌಕಟ್ಟು, ನೂರಡಿಗೆ ನಾಲ್ಕು ಸಾವಿರ. ತೆಗೆದ ವೇಗದಲ್ಲೇ ಓಡಿಸಿದರೆ ನಾಲ್ಕು ನಿಮಿಷ ಹತ್ತು ಸೆಕೆಂಡು ಬರುತ್ತದೆ, 24ರಲ್ಲಿ ಓಡಿಸಿದರೆ ಎರಡೂಮುಕ್ಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆ ಕಳೆದುಹೋದ ಸುಮಾರು ಒಂದೂವರೆ ನಿಮಿಷದ ಜೊತೆಗೆ ಅರಸರ ಗಾಂಭೀರ್ಯವೂ ಕಳೆದುಹೋಗುತ್ತದೆ. ಯೊರುಬಾ ಅರಸನ ನಡಿಗೆ ನಿಧಾನವಾಗಿರುವುದು ಮುಪ್ಪಿನಿಂದಲೋ ಬಟ್ಟೆಯ ಭಾರದಿಂದಲೋ ಅಲ್ಲ. ಅವಸರವೆಂಬುದು ಅರಸನಿಗೆ ಸಲ್ಲದ ಗುಣ, ಆ ನಿಧಾನವೇ ಅವನ ಪದವಿಯ ಗುರುತು. ಅದನ್ನು ಒಂದೂವರೆ ಪಟ್ಟು ಓಡಿಸಿದರೆ ಅರಸ ಕುಪ್ಪಳಿಸುತ್ತಾನೆ, ಚಾಮರ ನೊಣ ಓಡಿಸುವ ಕಡ್ಡಿಯಾಗುತ್ತದೆ, ಸಾಷ್ಟಾಂಗ ಎಡವಿ ಬಿದ್ದಂತೆ ಕಾಣುತ್ತದೆ. ಅಂತರಜಾಲದಲ್ಲಿ ಇಂಥ ವಸಾಹತು ಕಾಲದ ಎಷ್ಟೋ ತುಣುಕುಗಳು ಇಂದಿಗೂ ತಪ್ಪು ವೇಗದಲ್ಲೇ ಓಡುತ್ತಿವೆ. ಇದು ನನ್ನ ಕಸುಬಿನ ಮಾತಾದ್ದರಿಂದ ಖಂಡಿತವಾಗಿ ಹೇಳಬಲ್ಲೆ: ಸರಿಪಡಿಸಲು ಬೇಕಾಗುವುದು ಒಂದು ಸಂಖ್ಯೆಯ ಬದಲಾವಣೆ ಮತ್ತು ಐದು ನಿಮಿಷದ ಗಮನ.

ಸರಿಯಾದ ವೇಗದ ಪ್ರತಿಯನ್ನು ನಾನು ನಮ್ಮ ಬೀದಿಯಲ್ಲೇ ಇರುವ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ನೈಜೀರಿಯಾದ ಅಬೆಯೊಕುಟಾದ ಕಡೆಯವರು, ಎಂಬತ್ತು ದಾಟಿದವರು, ಮೊಣಕಾಲು ನೋವಿನವರು. ಕಾರಿನ ಬಾಗಿಲು ತೆರೆದು ಕಿರೀಟ ಕಂಡ ಕ್ಷಣ ಅವರು ಕುರ್ಚಿಯಿಂದೆದ್ದು, ಬಾಗಿ, ಬೆರಳ ತುದಿಯಿಂದ ನನ್ನ ಮನೆಯ ನೆಲಹಾಸನ್ನು ಮುಟ್ಟಿ, ‘ಕಬಿಯೇಸಿ’ ಎಂದರು. ಪ್ರಶ್ನಿಸುವವರು ಯಾರೂ ಇಲ್ಲದವನು ಎಂಬ ಅರ್ಥದ, ಅರಸನಿಗೆ ಮಾತ್ರ ಸಲ್ಲುವ ಸಂಬೋಧನೆ ಅದು. ಸಂಗ್ರಹಾಲಯದ ದಾಖಲೆಯಲ್ಲಿ ಬರೀ ಗೆರೆಯಾಗಿದ್ದ ವ್ಯಕ್ತಿಗೆ, ಆರು ದಶಕಗಳಿಗೂ ಮಿಗಿಲಾದ ಕಾಲದ ನಂತರ, ಮೊದಲ ಬಾರಿಗೆ ಸಲ್ಲಬೇಕಾದ ಗೌರವ ಸಂದದ್ದು ದಕ್ಷಿಣ ಲಂಡನ್ನಿನ ಒಂದು ಸಣ್ಣ ಕೋಣೆಯಲ್ಲಿ.

ಒಂದೇ ನೋಟದಲ್ಲಿ ಆ ಹಿರಿಯರು ಹೇಳಿದ್ದನ್ನು ಬರೆದುಕೊಂಡಿದ್ದೇನೆ. ಕಡುಗೆಂಪು ಬಟ್ಟೆ ‘ಅಲಾರಿ’. ಅದು ಕಿರಿದಾದ ಪಟ್ಟಿಗಳಾಗಿ ಮಗ್ಗದಲ್ಲಿ ನೇಯ್ದು ಅಂಚಿಗೆ ಅಂಚು ಸೇರಿಸಿ ಹೊಲಿಯುವ ‘ಅಶೊ ಒಕೆ’ ಎಂಬ ಮರ್ಯಾದೆಯ ಬಟ್ಟೆಯಲ್ಲೊಂದು ಬಗೆ. ಕಾಡುರೇಷ್ಮೆಯ ಕಂದುಬಣ್ಣದ ‘ಸನ್ಯಾನ್’ ಮತ್ತು ನೀಲಿಯಲ್ಲಿ ಅದ್ದಿದ ‘ಎಟು’ ಅದರ ಸೋದರರು. ಚಾಮರದ ಹೆಸರು ‘ಇರುಕೆರೆ’. ಮುಖ ಮುಚ್ಚುವ ಮಣಿಸರಗಳಿರುವ ಕಿರೀಟವನ್ನು ಧರಿಸುವ ಹಕ್ಕು ಎಲ್ಲ ಅರಸರಿಗೂ ಇಲ್ಲ, ಅದು ಯೊರುಬಾ ಜನರ ಮೂಲನಗರವಾದ ಇಫೆಯ ಮೂಲಪುರುಷ ಒಡುಡುವಾನ ವಂಶದ ನೆನಪಿನೊಂದಿಗೆ ಕೂಡಿ ಬಂದದ್ದು. ಆಮೇಲೆ ಅವರು ವಿದ್ಯಾರ್ಥಿಗಳ ಹಿಂದೆ ಅರ್ಧ ಮರೆಯಾಗಿದ್ದ ಒಬ್ಬನನ್ನು ತೋರಿಸಿದರು. ನಾನು ಅಷ್ಟು ಸಲ ನೋಡಿಯೂ ಅವನ ಹೆಗಲಿನಿಂದ ತೂಗುತ್ತಿದ್ದುದನ್ನು ಚೀಲವೆಂದುಕೊಂಡಿದ್ದೆ. ಅದು ‘ದುಂದುನ್’, ನಮ್ಮ ಡಮರುವಿನಂತೆ ನಡು ಸಣ್ಣಗಿರುವ, ಸುತ್ತಲೂ ತೊಗಲಿನ ಬಾರುಗಳಿರುವ, ಬಾರುಗಳನ್ನು ತೋಳಿನಿಂದ ಅದುಮಿದಂತೆ ಸ್ವರ ಏರಿಳಿಯುವ ಮಾತಾಡುವ ನಗಾರಿ.

ಯೊರುಬಾ ಭಾಷೆಯಲ್ಲಿ ಸ್ವರದ ಏರಿಳಿತವೇ ಅರ್ಥ. ಒಂದೇ ಅಕ್ಷರಗಳ ‘ಒಕೊ’ ಎಂಬ ಶಬ್ದವನ್ನು ಬೇರೆ ಬೇರೆ ಸ್ವರದಲ್ಲಿ ನುಡಿದರೆ ಗಂಡ, ಗುದ್ದಲಿ, ವಾಹನ, ಈಟಿ ಎಂದು ನಾಲ್ಕು ಅರ್ಥವಾಗುತ್ತದೆ. ಆದ್ದರಿಂದಲೇ ಸ್ವರವನ್ನು ಅನುಕರಿಸುವ ನಗಾರಿ ನಿಜವಾಗಿಯೂ ಮಾತಾಡುತ್ತದೆ. ಅರಸನು ಹೊರಟಾಗ ಅದು ‘ಒರಿಕಿ’ಯನ್ನು, ಅಂದರೆ ನಮ್ಮ ವಂದಿಮಾಗಧರು ಹೇಳುತ್ತಿದ್ದಂಥ ಬಿರುದಾವಳಿಯನ್ನು, ಬಾರಿಸುತ್ತದೆ. ಫಿಲ್ಮಿಗೆ ಧ್ವನಿಯಿಲ್ಲ. ಆದರೂ ಆ ಹಿರಿಯರು ನಗಾರಿಯವನ ತೋಳು ಯಾವಾಗ ಬಿಗಿಯುತ್ತದೆ, ಯಾವಾಗ ಸಡಿಲುತ್ತದೆ, ಕೋಲು ಎಷ್ಟು ಸಲ ಬೀಳುತ್ತದೆ ಎಂಬುದನ್ನು ಕಣ್ಣಿನಲ್ಲಿಯೇ ಹಿಡಿದು, ಬಾಯಲ್ಲಿ ಗುನುಗಿ, ಒಂಬತ್ತು ಸೆಕೆಂಡಿನ ಆ ದೃಶ್ಯವನ್ನು ನನ್ನಿಂದ ಮತ್ತೆ ಮತ್ತೆ ಹಾಕಿಸಿಕೊಂಡು, ಕೊನೆಗೆ ಒಂದು ತುಂಡು ಬಿರುದನ್ನು ಹೊರತೆಗೆದರು. ಯಾರದೆಂದು ಕೇಳಿದೆ. ಊಹೆಯಿದೆ, ಆದರೆ ಅರಸನ ಹೆಸರನ್ನು ಊಹೆಯಿಂದ ಹೇಳಬಾರದು, ಅರಮನೆಯ ನಗಾರಿಯವರಿಗೆ ತೋರಿಸಿ, ಅವರು ಹೇಳುತ್ತಾರೆ ಎಂದರು. ಅವರ ಮಾತನ್ನು ಗೌರವಿಸಿ ಆ ಊಹೆಯನ್ನು ನಾನು ಕೇಳಲೂ ಇಲ್ಲ, ಇಲ್ಲಿ ಬರೆಯಲೂ ಇಲ್ಲ.

ಈಗ ತಮ್ಮ ದಾಖಲೆಯ ಮಾತಿಗೆ ಬರುತ್ತೇನೆ. ಯೊರುಬಾ ಅರಸನನ್ನು ಅವನ ಜನ ಕರೆಯುವುದು ‘ಒಬಾ’ ಎಂದು. ಬ್ರಿಟಿಷ್ ಆಡಳಿತ ಅವನನ್ನು ‘ಚೀಫ್’ ಎಂದು ಕರೆದದ್ದು ಅನುವಾದದ ಎಡವಟ್ಟಲ್ಲ. ಸಾಮ್ರಾಜ್ಯಕ್ಕೆ ದೊರೆ ಒಬ್ಬನೇ ಇರಬೇಕಾಗಿತ್ತು, ಉಳಿದವರೆಲ್ಲ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕಾಗಿತ್ತು. ನಮ್ಮ ಮೈಸೂರಿನ ಮಹಾರಾಜರೂ ಅವರ ಕಾಗದಪತ್ರಗಳಲ್ಲಿ ‘ಪ್ರಿನ್ಸ್’ ಆಗಿಯೇ ಉಳಿದರು. ಆದ್ದರಿಂದ ಈ ಇಳಿಕೆಯ ರುಚಿ ಕನ್ನಡಿಗರಿಗೆ ಗೊತ್ತಿಲ್ಲದ್ದಲ್ಲ. ಒಬಾನನ್ನು ‘ಚೀಫ್’ ಎಂದ ಮೇಲೆ ಅವನ ಪ್ರಯಾಣವೂ ರಾಜತಾಂತ್ರಿಕ ಭೇಟಿಯಾಗದೆ ಊರು ನೋಡಲು ಬಂದ ಪ್ರವಾಸವಾಗಿಬಿಡುತ್ತದೆ. ತಮ್ಮ ದಾಖಲೆಯಲ್ಲಿ ಆಗಿರುವುದು ಅದೇ.

ನಡೆದದ್ದನ್ನು ನೋಡಿ. ಅಬೆಯೊಕುಟಾದ ಎಗ್ಬಾ ಎಂಬ ಯೊರುಬಾ ಪಂಗಡದ ಜನರೊಂದಿಗೆ ಬ್ರಿಟನ್ 1893ರಲ್ಲಿ ಒಪ್ಪಂದ ಮಾಡಿಕೊಂಡು ಅವರ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತ್ತು. ಎಗ್ಬಾ ಸಂಯುಕ್ತ ಸರ್ಕಾರವೆಂಬ ಹೆಸರಿನ ಆಡಳಿತವೇ ಅಲ್ಲಿ ನಡೆಯುತ್ತಿತ್ತು. 1904ರಲ್ಲಿ ಅಲ್ಲಿನ ‘ಅಲಾಕೆ’ ಎಂಬ ಬಿರುದಿನ ಅರಸ, ಒಂದನೆಯ ಗ್ಬಡೆಬೊ, ಇಂಗ್ಲೆಂಡಿಗೆ ಬಂದು ಏಳನೆಯ ಎಡ್ವರ್ಡ್ ದೊರೆಯನ್ನು ಕಂಡಾಗ ಅದು ಒಪ್ಪಂದದ ಒಂದು ಪಕ್ಷದವರು ಮತ್ತೊಂದು ಪಕ್ಷದವರನ್ನು ಕಂಡ ಭೇಟಿ. ಹತ್ತು ವರ್ಷದ ಬಳಿಕ, 1914ರಲ್ಲಿ, ಬ್ರಿಟನ್ ಆ ಒಪ್ಪಂದವನ್ನು ಮುರಿದು ಎಗ್ಬಾ ನಾಡನ್ನು ನೈಜೀರಿಯಾಕ್ಕೆ ಸೇರಿಸಿತು. ಇದಕ್ಕೂ ಹಿಂದೆ, 1903ರಲ್ಲಿ, ಇಫೆಯ ‘ಓನಿ’ ಎಂಬ ಬಿರುದಿನ ಅರಸ ಒಂದನೆಯ ಒಲುಬುಸೆಯವರನ್ನು ಗವರ್ನರ್ ವಿಲಿಯಂ ಮ್ಯಾಕ್‌ಗ್ರೆಗರ್ ಲಾಗೋಸಿಗೆ ಕರೆಸಿಕೊಂಡಿದ್ದರು. ಎಪೆಯ ಅರಸನಿಗೆ ಮಣಿಕಿರೀಟ ಧರಿಸುವ ಹಕ್ಕಿದೆಯೇ ಎಂಬ ವ್ಯಾಜ್ಯವದು. ತೀರ್ಪು ಹೇಳಬಲ್ಲವರು ಓನಿಯೊಬ್ಬರೇ. ಓನಿ ಇಫೆ ಬಿಟ್ಟು ಹೊರಡುವುದೆಂದರೆ ಆ ಕಾಲದಲ್ಲಿ ಊಹಿಸಲಾಗದ ಮಾತು. ಅವರು ಹೊರಗಿದ್ದಷ್ಟು ದಿನ ಇತರ ಒಬಾಗಳು ತಮ್ಮ ಅರಮನೆಯಲ್ಲಿ ಇರದೆ ಹೊರಗೆ ಉಳಿದರೆಂದು ಯೊರುಬಾ ಜನ ಇಂದಿಗೂ ಹೇಳುತ್ತಾರೆ. ಅರಮನೆಯ ಹೊಸಿಲು ದಾಟುವುದಕ್ಕೇ ಇಷ್ಟು ಅರ್ಥವಿದ್ದ ಕಡೆ, ಕಡಲು ದಾಟಿ ಬಂದು ಪರರ ಪುರಭವನದ ಮೆಟ್ಟಿಲೇರುವುದರಲ್ಲಿ ಎಷ್ಟು ಅರ್ಥವಿರಬೇಕು!

ನಮ್ಮ ಸುರುಳಿಯ ಕಾಲವನ್ನು ನಾನು ಹೀಗೆ ಗುರುತಿಸಿದ್ದೇನೆ. ಕೊಡಾಕ್ ಕಂಪನಿಯವರು ಫಿಲ್ಮಿನ ಅಂಚಿನಲ್ಲಿ ವರ್ಷಕ್ಕೊಂದು ಗುರುತು ಮುದ್ರಿಸುತ್ತಿದ್ದರು, ಇಪ್ಪತ್ತು ವರ್ಷಕ್ಕೊಮ್ಮೆ ಅವೇ ಗುರುತುಗಳು ಮರಳುತ್ತಿದ್ದವು. ಇದರ ಅಂಚಿನಲ್ಲಿರುವುದು ಒಂದು ಪುಟ್ಟ ಚೌಕ. ಅಮೆರಿಕದಲ್ಲಿ ತಯಾರಾದ ಫಿಲ್ಮಿಗೆ ಅದರ ಅರ್ಥ 1937, 1957 ಅಥವಾ 1977. ಕಾರನ್ನೂ ಹೆಂಗಸರ ಉಡುಪನ್ನೂ ನೋಡಿದರೆ 1957ರದೆಂಬುದರಲ್ಲಿ ಅನುಮಾನವಿಲ್ಲ, ಚಿತ್ರ ತೆಗೆದದ್ದು ಆ ವರ್ಷ ಅಥವಾ ಅದರಾಚೆಗೆ. ಆ ವರ್ಷದ ಮೇ, ಜೂನ್ ತಿಂಗಳಲ್ಲಿ ಲಂಡನ್ನಿನ ಲ್ಯಾಂಕಾಸ್ಟರ್ ಹೌಸಿನಲ್ಲಿ ನೈಜೀರಿಯಾದ ಸಂವಿಧಾನದ ಮಾತುಕತೆ ನಡೆಯಿತು. ಆಗಸ್ಟ್ 8ರಂದು ಯೊರುಬಾ ಜನರೇ ಹೆಚ್ಚಾಗಿರುವ ಪಶ್ಚಿಮ ಪ್ರಾಂತಕ್ಕೆ ಸ್ವಯಮಾಡಳಿತ ದೊರೆಯಿತು. 1958ರಲ್ಲಿ ಮತ್ತೆ ಮಾತುಕತೆಯಾಗಿ 1960ರ ಅಕ್ಟೋಬರ್ 1ಕ್ಕೆ ನೈಜೀರಿಯಾ ಸ್ವತಂತ್ರವಾಯಿತು. ಇಫೆಯ ಓನಿ ಅಡೆಸೋಜಿ ಅಡೆರೆಮಿಯವರು ಆಗ ಪಶ್ಚಿಮ ಪ್ರಾಂತದ ಅರಸರ ಸಭೆಯ ಅಧ್ಯಕ್ಷರಾಗಿದ್ದರು, 1960ರಲ್ಲಿ ಆ ಪ್ರಾಂತಕ್ಕೆ ಗವರ್ನರ್ ಆದರು. ಅಂದರೆ ಒಬಾಗಳು ಬರೀ ಅಲಂಕಾರಕ್ಕೆ ನಿಂತವರಾಗಿರಲಿಲ್ಲ. ಒಂದು ದೇಶ ಕಣ್ಣೆದುರಿಗೇ ಕೈ ಬದಲಾಗುತ್ತಿದ್ದ ದಿನಗಳಲ್ಲಿ, ಎರಡೂ ಕಡೆಗೆ ಬೇಕಾದವರಾಗಿ, ಎರಡೂ ಕಡೆಯವರ ಅನುಮಾನಕ್ಕೆ ಗುರಿಯಾಗಿ ಓಡಾಡುತ್ತಿದ್ದವರು. ಆ ಮೆಟ್ಟಿಲ ಮೇಲೆ ಮೇಯರರ ಚಾಚಿದ ಕೈಗೆ ಮೊದಲು ಚಾಮರ ಎತ್ತಿ, ಆಮೇಲೆ ಕೈ ಕೊಟ್ಟದ್ದರಲ್ಲಿ ಆ ಇಡೀ ಕಾಲವೇ ಇದೆಯೆಂದು ನನಗೆ ಅನಿಸುತ್ತದೆ.

ಒಬಾಗಳನ್ನು ಹೊಗಳುವುದಕ್ಕಾಗಿ ನಾನಿದನ್ನು ಬರೆಯುತ್ತಿಲ್ಲ. ಅಬೆಯೊಕುಟಾದ ಅಲಾಕೆ ಎರಡನೆಯ ಅಡೆಮೊಲಾ 1937ರಲ್ಲಿ ಲಂಡನ್ನಿಗೆ ಬಂದು ಮನ್ನಣೆ ಪಡೆದವರು. ಅವರ ಊರಿನ ಮಾರುಕಟ್ಟೆಯ ಹೆಂಗಸರು ಮಾತ್ರ ತಲೆಗಂದಾಯದ ಭಾರದಿಂದ ಬೇಸತ್ತಿದ್ದರು. ಫುನ್ಮಿಲಾಯೊ ರಾನ್ಸಮ್-ಕುಟಿಯವರ ನಾಯಕತ್ವದಲ್ಲಿ 1947ರ ಕೊನೆಯ ತಿಂಗಳುಗಳಲ್ಲಿ ಸಾವಿರಾರು ಹೆಂಗಸರು ಅರಮನೆಯ ಮುಂದೆ ಜಮಾಯಿಸಿ, ಅರಸನನ್ನು ಹಾಡು ಕಟ್ಟಿ ಹೀಯಾಳಿಸಿ, ಹಗಲೂ ರಾತ್ರಿ ಕೂತರು. 1949ರ ಜನವರಿಯಲ್ಲಿ ಅಲಾಕೆ ಸಿಂಹಾಸನ ಬಿಟ್ಟು ಹೊರಹೋಗಬೇಕಾಯಿತು, ಮರಳಿದ್ದು 1950ರ ಕೊನೆಗೆ. ಪ್ರಶ್ನಿಸುವವರಿಲ್ಲದವನನ್ನು ಪ್ರಶ್ನಿಸಿದ ಹೆಂಗಸರು ಅವರು. ವಿದೇಶದ ಪುರಭವನದ ಮುಂದೆ ನಗುತ್ತಿರುವ ಅರಸನ ಚಿತ್ರದ ಜೊತೆ ಈ ಮಾತೂ ದಾಖಲೆಯಲ್ಲಿರಬೇಕು. ‘ಚೀಫ್’ ಎಂದು ಬರೆದು ಕೈತೊಳೆದುಕೊಂಡರೆ ಅರಸನ ಗೌರವ ಹೋಗುವಂತೆಯೇ ಅವನ ಮೇಲಿನ ದೂರೂ ಅಳಿಸಿಹೋಗುತ್ತದೆ. ಹೆಸರಿದ್ದವನನ್ನು ಮಾತ್ರ ಲೆಕ್ಕ ಕೇಳಬಹುದು.

ಸುರುಳಿಯನ್ನು ಉಳಿಸುವ ಬಗ್ಗೆ ತಾವು ತಿಳಿಯದ್ದನ್ನು ನಾನು ಹೇಳಬೇಕಾಗಿಲ್ಲ. ಆದರೂ ಮನೆಗಳವರಿಗಾಗಿ ಒಂದು ಮಾತು. ಈ ಮನೆಯ ಫಿಲ್ಮುಗಳಲ್ಲಿ ಬಹುಪಾಲಿಗೆ ನೆಗೆಟಿವ್ ಇಲ್ಲ. ಕ್ಯಾಮೆರಾದೊಳಗೆ ಓಡಿದ ಪಟ್ಟಿಯೇ ತೊಳೆದು ಬಂದು ಪ್ರೊಜೆಕ್ಟರಿನಲ್ಲಿ ಓಡುತ್ತಿತ್ತು. ಜಗತ್ತಿನಲ್ಲಿ ಇರುವುದು ಆ ಒಂದೇ ಪ್ರತಿ. ಡಬ್ಬಿ ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಫಿಲ್ಮು ಕರಗಲು ಶುರುವಾಗಿದೆಯೆಂದೇ ಅರ್ಥ. ಅದು ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಪಕ್ಕದ ಡಬ್ಬಿಗೂ ಹಬ್ಬುತ್ತದೆ. ದಯವಿಟ್ಟು ಹಳೆಯ ಪ್ರೊಜೆಕ್ಟರಿಗೆ ಹಾಕಿ ನೋಡಬೇಡಿ, ಕುಗ್ಗಿದ ಫಿಲ್ಮಿನ ತೂತುಗಳನ್ನು ಅದರ ಹಲ್ಲುಗಳು ಹರಿದುಹಾಕುತ್ತವೆ. ಡಬ್ಬಿಯನ್ನು ಬಿಸಿಲಿನ ಅಟ್ಟದಿಂದ ಇಳಿಸಿ ತಂಪಾದ, ಒಣಗಿದ ಜಾಗದಲ್ಲಿಡಿ, ಸ್ಕ್ಯಾನ್ ಮಾಡುವವರಿಗೆ ಕೊಡಿ. ವಿಡಿಯೊ ಕ್ಯಾಸೆಟ್ಟುಗಳ ಪಾಡು ಇನ್ನೂ ಅವಸರದ್ದು. ಇಫೆಯ ಓನಿ ಒಕುನಾಡೆ ಸಿಜುವಾಡೆಯವರು 1987ರಲ್ಲಿ ಕ್ಯೂಬಾಕ್ಕೆ ಹೋದರು. ಗುಲಾಮರಾಗಿ ಒಯ್ಯಲ್ಪಟ್ಟ ಯೊರುಬಾ ಜನರ ಮೊಮ್ಮಕ್ಕಳ ಮಕ್ಕಳು ಅಲ್ಲಿ ಶತಮಾನಗಳಿಂದ ಉಳಿಸಿಕೊಂಡು ಬಂದ ದೇವರುಗಳ ಮೂಲಪೀಠದಿಂದಲೇ ಅರಸನೊಬ್ಬ ತಮ್ಮ ಮನೆಬಾಗಿಲಿಗೆ ಬಂದದ್ದು ಅವರಿಗೆ ಎಂಥ ದಿನವಾಗಿದ್ದಿರಬೇಕು! ಆ ದಶಕದವರು ಕೈಯಲ್ಲಿ ಹಿಡಿದದ್ದು ಕಾಂತೀಯ ಟೇಪು, ಮತ್ತು ಕೊಡಾಕ್ರೋಮಿನ ಕೆಂಪು ಉಳಿಯುವಷ್ಟು ಕಾಲ ಆ ಟೇಪಿನ ಕೆಂಪು ಉಳಿಯುವುದಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ತಮ್ಮ ಕಪಾಟುಗಳಲ್ಲಿ ‘ಚೀಫ್’ ಎಂಬ ಚೀಟಿ ಹೊತ್ತು ಕುಳಿತಿರುವ ಪ್ರತಿಯೊಂದು ಯೊರುಬಾ ಸುರುಳಿಯನ್ನೂ ತೆಗೆದ ವೇಗದಲ್ಲಿ ಸ್ಕ್ಯಾನ್ ಮಾಡಿಸಿ ಅದರ ಪೂರ್ಣ ಪ್ರತಿಯನ್ನು, ಮೂಲೆಯಲ್ಲಿ ಮುದ್ರೆ ಒತ್ತಿದ ಮಸುಕು ಪ್ರತಿಯನ್ನಲ್ಲ, ಇಫೆ, ಒಯೊ, ಅಬೆಯೊಕುಟಾ ಮೊದಲಾದ ಅರಮನೆಗಳಿಗೂ ಇಬಾದಾನ್ ಮತ್ತು ಇಫೆಯ ವಿಶ್ವವಿದ್ಯಾಲಯಗಳಿಗೂ ಹಣ ಕೇಳದೆ ಕಳುಹಿಸಿ. ಅಲ್ಲಿನ ನಗಾರಿಯವರೂ ಮುದುಕಿಯರೂ ಇತಿಹಾಸಕಾರರೂ ನೋಡಿ ಹೇಳಿದ್ದನ್ನು ಅವರ ಹೆಸರಿನಲ್ಲಿಯೇ, ಯೊರುಬಾ ಲಿಪಿಯ ಸ್ವರಚಿಹ್ನೆಗಳ ಸಮೇತ, ದಾಖಲೆಯ ಮುಖ್ಯ ಸಾಲಾಗಿ ಬರೆಯಿರಿ. ಹಳೆಯ ಚೀಟಿಯ ಮಾತು ಅಡಿಟಿಪ್ಪಣಿಯಾಗಿ ಇರಲಿ. ವಸಾಹತು ಕಾಲದ ಫಿಲ್ಮುಗಳನ್ನು ಕುರಿತು ಈ ದೇಶದಲ್ಲಿ ಒಳ್ಳೆಯ ಕೆಲಸವೇ ಆಗಿಲ್ಲವೆಂದು ನಾನು ಹೇಳಲಾರೆ. ಬ್ರಿಸ್ಟಲ್ಲಿನಲ್ಲಿ ಮುಚ್ಚಿಹೋದ ಸಾಮ್ರಾಜ್ಯ ಹಾಗೂ ಕಾಮನ್‌ವೆಲ್ತ್ ವಸ್ತುಸಂಗ್ರಹಾಲಯದ ಸುರುಳಿಗಳು ಅಲ್ಲಿನ ನಗರ ಪತ್ರಾಗಾರದಲ್ಲಿ ಜೋಪಾನವಾಗಿವೆ, ಅವುಗಳನ್ನು ಪಟ್ಟಿಮಾಡಿದವರಿಗೆ ನಾನು ಋಣಿ. ಆದರೆ ಪಟ್ಟಿ ಮಾಡುವವರು ಕ್ಯಾಮೆರಾದ ಹಿಂದೆ ನಿಂತವರನ್ನು ಪತ್ತೆಹಚ್ಚಲು ಪಡುವ ಶ್ರಮದ ಕಾಲುಪಾಲನ್ನಾದರೂ ಕ್ಯಾಮೆರಾದ ಮುಂದೆ ನಿಂತವರಿಗೆ ಕೊಡಬೇಡವೇ?

ನೈಜೀರಿಯಾದಲ್ಲಿ ಸುರುಳಿಗಳು ಉಳಿಯುವುದಿಲ್ಲ ಎಂಬ ಉತ್ತರವನ್ನು ನಾನು ನಿರೀಕ್ಷಿಸುತ್ತಿದ್ದೇನೆ. ಲಾಗೋಸಿನ ಇಕೋಯಿಯಲ್ಲಿ ಹಳೆಯ ವಸಾಹತು ಫಿಲ್ಮ್ ಘಟಕದ ಕೋಣೆಗಳಲ್ಲಿ ಡಬ್ಬಿಗಳು ತುಕ್ಕು ಹಿಡಿದು ಕೊಳೆಯುತ್ತಿದ್ದುದು ಸುಳ್ಳಲ್ಲ. ಆದರೆ ಅವುಗಳನ್ನು ಹುಡುಕಿ ಹೊರತೆಗೆದವರೂ ನೈಜೀರಿಯಾದವರೇ. ಜೋಸ್ ನಗರದಲ್ಲಿ ಆ ದೇಶದ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯವೂ ಇದೆ. ಮೂಲ ಪಟ್ಟಿ ತಮ್ಮ ಶೀತಲ ಕೋಣೆಯಲ್ಲಿ ಸದ್ಯಕ್ಕೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಯಾವತ್ತು ಎಲ್ಲಿರಬೇಕೆಂಬುದನ್ನು ಎರಡೂ ಕಡೆಯವರು ಕೂತು ತೀರ್ಮಾನಿಸಲಿ. 1938ರಲ್ಲಿ ಇಫೆಯ ಅರಮನೆಯ ಹತ್ತಿರ ಮನೆ ಕಟ್ಟಲು ನೆಲ ಅಗೆದಾಗ ದೊರೆತ ಲೋಹದ ಶಿರಗಳಲ್ಲಿ ಒಂದು ಮರುವರ್ಷವೇ ಬ್ರಿಟಿಷ್ ಮ್ಯೂಸಿಯಂ ಸೇರಿ ಇಂದಿಗೂ ಅಲ್ಲೇ ಇದೆ. ಅಮೆರಿಕಕ್ಕೆ ಹೋದ ಎರಡು ಶಿರಗಳು ಮಾತ್ರ ಊರಿಗೆ ಮರಳಿದವು. ಲೋಹದ ಶಿರವನ್ನು ಒಂದೇ ಕಡೆ ಇಡಬೇಕಾಗುತ್ತದೆ, ಜಗಳ ಸಹಜ. ಫಿಲ್ಮಿನ ಪ್ರತಿ ಎಷ್ಟು ಕಡೆ ಹೋದರೂ ತಮ್ಮಲ್ಲಿರುವುದು ಕಡಿಮೆಯಾಗುವುದಿಲ್ಲ. ಹಾಗಿದ್ದೂ ಸೆಕೆಂಡಿಗಿಷ್ಟು ಎಂದು ಶುಲ್ಕ ನಿಗದಿ ಮಾಡಿ, ತನ್ನ ಅಜ್ಜನ ಒಂಬತ್ತು ಸೆಕೆಂಡಿನ ನಗಾರಿಗೆ ಮೊಮ್ಮಗ ಪೌಂಡುಗಳಲ್ಲಿ ಹಣ ಕಟ್ಟಬೇಕೆಂಬ ನಿಯಮ ನನಗೆ ನೋವು ತರುತ್ತದೆ.

ಕನ್ನಡದಲ್ಲಿ ಬರೆಯಲು ಕಾರಣ ಹೇಳುತ್ತೇನೆಂದಿದ್ದೆ. 1970ರ ದಶಕದಲ್ಲಿ ನೈಜೀರಿಯಾದಲ್ಲಿ ಎಣ್ಣೆಯ ಹಣ ಹರಿದು ಶಾಲೆಗಳೂ ಆಸ್ಪತ್ರೆಗಳೂ ಹೆಚ್ಚಿದಾಗ ಭಾರತದಿಂದ ಅನೇಕರು ಮೇಷ್ಟರಾಗಿ, ಡಾಕ್ಟರಾಗಿ, ಎಂಜಿನಿಯರಾಗಿ ಅಲ್ಲಿಗೆ ಹೋದರು, ಕರ್ನಾಟಕದವರೂ ಹೋದರು. ಅವರಲ್ಲಿ ಕೆಲವರ ಕೈಯಲ್ಲಿ ಸೂಪರ್ 8 ಕ್ಯಾಮೆರಾ ಇತ್ತು. ಶಾಲೆಯ ವಾರ್ಷಿಕೋತ್ಸವಕ್ಕೆ ಒಬಾ ಬಂದದ್ದು, ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಒಬಾ ಕಲ್ಲಿಟ್ಟದ್ದು, ವಿದೇಶದಿಂದ ಮರಳಿದ ಒಬಾನನ್ನು ಊರು ಎದುರುಗೊಂಡದ್ದು, ಇಂಥವು ಮೈಸೂರಿನಲ್ಲೋ ಧಾರವಾಡದಲ್ಲೋ ಉಡುಪಿಯಲ್ಲೋ ಯಾವುದೋ ಬೀರುವಿನ ಮೇಲಿನ ಖಾನೆಯಲ್ಲಿ ರೇಷ್ಮೆ ಸೀರೆಗಳ ಹಿಂದೆ ಕೂತಿರಬಹುದು. ಕರಾವಳಿಯ ಆರ್ದ್ರತೆ ಫಿಲ್ಮಿಗೆ ಲಾಗೋಸಿನ ಆರ್ದ್ರತೆಯಷ್ಟೇ ಶತ್ರು. ಅಲ್ಲಿ ದುಡಿದು ಬಂದ ಹಿರಿಯರಲ್ಲಿ ನನ್ನ ವಿನಂತಿ: ಡಬ್ಬಿಯನ್ನು ಇಳಿಸಿ, ನೆನಪಿರುವಾಗಲೇ ಊರಿನ ಹೆಸರು, ಅರಸರ ಹೆಸರು, ಜೊತೆಯಲ್ಲಿದ್ದ ಹೆಡ್‌ಮಾಸ್ಟರರ ಹೆಸರು, ನಗಾರಿ ಬಾರಿಸಿದವನ ಹೆಸರು ಗೊತ್ತಿದ್ದರೆ ಅದನ್ನೂ, ಒಂದು ಕಾಗದದಲ್ಲಿ ಬರೆದು ಒಳಗಿಡಿ. ‘ಅಲ್ಲಿನ ರಾಜ’ ಎಂದಷ್ಟೇ ಬರೆಯಬೇಡಿ.

ನಮ್ಮ ಸುರುಳಿಯ ಮಟ್ಟಿಗೆ, ಅದರ ಒಡೆಯರಾದ ಮನೆಯವರ ಒಪ್ಪಿಗೆಯೊಂದಿಗೆ, ಸರಿಯಾದ ವೇಗದ ಒಂದು ಪ್ರತಿಯನ್ನು ಆ ಹಿರಿಯರ ಮಗ ಮುಂದಿನ ತಿಂಗಳು ಅಬೆಯೊಕುಟಾಕ್ಕೆ ಕೊಂಡೊಯ್ಯುತ್ತಿದ್ದಾರೆ. ಅಲ್ಲಿಂದ ಇಫೆಗೂ ಹೋಗುತ್ತಾರೆ. ಸೂಟು ತೊಟ್ಟು ಒದ್ದೆ ಕಲ್ಲಿನ ಮೇಲೆ ಮಲಗಿದ ಆ ಯುವಕನು ಬದುಕಿದ್ದರೆ ಈಗ ತೊಂಬತ್ತು ಸಮೀಪಿಸಿರಬೇಕು. ಅವನನ್ನೂ ಯಾರಾದರೂ ಗುರುತಿಸಬಹುದೆಂಬ ಆಸೆ ನನಗಿದೆ. ಅವರು ಹೆಸರುಗಳೊಂದಿಗೆ ಮರಳಿದಾಗ ದಾಖಲೆಯ ಆ ಗೆರೆಯನ್ನು ತಿದ್ದಬೇಕೆಂದರೆ ಯಾರಿಗೆ ಬರೆಯಬೇಕು, ನಗಾರಿ ಹೇಳಿದ ಮಾತನ್ನು ಬರೆಯಲು ಯಾವ ಕಾಲಂ ಇದೆ, ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಫಿಲ್ಮ್ ಸ್ಕ್ಯಾನಿಂಗ್ ಕೆಲಸದಲ್ಲಿರುವ ಒಬ್ಬ ಕನ್ನಡಿಗ,
ದಕ್ಷಿಣ ಲಂಡನ್